ಪಾಸ್‌ವರ್ಡ್ ಭಂಡಾರದ ಕೀಲಿ: ಕಳೆದುಹೋದಾಗ ಮರುಪ್ರವೇಶದ ಉಪಾಯಗಳು

ಪೀಠಿಕೆ

ಹತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದ ಪೊನ್ನ ಮಹಾಕವಿಯ ಕೃತಿಗಳಲ್ಲಿ ಶಾಂತಿಪುರಾಣವು ಇಂದಿಗೂ ಕನ್ನಡಿಗರ ಕೈಯಲ್ಲಿದೆ. ಆತನದೇ ಆದ ಭುವನೈಕರಾಮಾಭ್ಯುದಯವು ಉಪಲಬ್ಧವಿಲ್ಲ. ಸಾಹಿತ್ಯಚರಿತ್ರೆಯಲ್ಲಿ ಅದರ ಹೆಸರು ಉಳಿದಿದೆ, ಕಾವ್ಯ ಉಳಿದಿಲ್ಲ. ಒಬ್ಬನೇ ಕವಿಯ ಎರಡು ಕೃತಿಗಳಿಗೆ ಒದಗಿದ ಈ ಭಿನ್ನ ಗತಿಯನ್ನು ನೆನೆಯುವಾಗ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ತಾನಾಗಿಯೇ ನೆನಪಿಗೆ ಬರುತ್ತದೆ. ಆ ಮಹಾತಾಯಿ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಕಾವ್ಯದ ಉಳಿವಿಗೆ ಅದೊಂದೇ ಕಾರಣವೆಂದು ಸಾಧಿಸಲಾಗದಿದ್ದರೂ, ಒಂದೇ ಓಲೆಕಟ್ಟನ್ನು ನಂಬಿದ್ದು ಗೆದ್ದಲಿಗೋ ಬೆಂಕಿಗೋ ತುತ್ತಾಗಬಹುದು, ಪ್ರತಿಯುಳ್ಳದ್ದು ಬದುಕುವ ಸಂಭವ ಹೆಚ್ಚು ಎಂಬ ಪಾಠವನ್ನು ಅದರಿಂದ ಕಲಿಯಬಹುದು.

ಇಂದಿನ ಮನುಷ್ಯನ ಭಂಡಾರ ಬೇರೆ ಬಗೆಯದು. ಬ್ಯಾಂಕಿನ ವ್ಯವಹಾರ, ಪಿಂಚಣಿಯ ದಾಖಲೆ, ವಿಮೆಯ ಪತ್ರ, ಮಕ್ಕಳ ಅಂಕಪಟ್ಟಿ, ಮನೆಯವರ ಭಾವಚಿತ್ರ ಎಲ್ಲವೂ ಒಂದೊಂದು ಪಾಸ್‌ವರ್ಡಿನ ಹಿಂದೆ ಅಡಗಿವೆ. ಪಾಸ್‌ವರ್ಡ್ ಎಂಬುದಕ್ಕೆ ಗುಪ್ತಪದವೆಂಬ ಕನ್ನಡ ಮಾತು ಬಳಕೆಯಲ್ಲಿದ್ದರೂ ಜನರ ನಾಲಗೆಯ ಮೇಲೆ ನಿಂತಿರುವುದು ಪಾಸ್‌ವರ್ಡ್ ಎಂಬುದೇ ಆದ್ದರಿಂದ ಇಲ್ಲಿ ಅದನ್ನೇ ಉಪಯೋಗಿಸಿದೆ. ಹತ್ತಾರು ಪಾಸ್‌ವರ್ಡ್‌ಗಳನ್ನು ನೆನಪಿಡಲಾರದೆ ಅವನ್ನೆಲ್ಲ ಒಂದೆಡೆ ಕೂಡಿಟ್ಟು ಒಂದೇ ಬೀಗ ಹಾಕುವ ಸಾಧನಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ಎಂದು ಹೆಸರು. ಆ ಒಂದು ಬೀಗದ ಕೀಲಿಯೇ ಕಳೆದುಹೋದರೆ ಗತಿಯೇನು, ಅದಕ್ಕೆ ಮುಂಚಿತವಾಗಿ ಏನು ಮಾಡಿಟ್ಟಿರಬೇಕು ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಿಷಯದ ತೊಡಕನ್ನು ಮೊದಲೇ ಗುರುತಿಸಬೇಕು. ಕಾವ್ಯದ ಪ್ರತಿ ಹೆಚ್ಚಿದಷ್ಟೂ ಲೋಕಕ್ಕೆ ಹಿತ. ಕೀಲಿಯ ಪ್ರತಿ ಹೆಚ್ಚಿದಷ್ಟೂ ಕಳ್ಳನಿಗೂ ಹಿತ. ಪ್ರತಿಯಿಡದಿದ್ದರೆ ಒಡೆಯನೇ ಹೊರಗುಳಿಯುವ ಭಯ. ಪ್ರತಿಯಿಟ್ಟರೆ ಪರರು ಒಳಹೊಗುವ ಭಯ. ಮುಂದೆ ಹೇಳುವ ಉಪಾಯಗಳೆಲ್ಲವೂ ಈ ಎರಡು ಭಯಗಳ ನಡುವೆ ಸಮತೋಲ ಸಾಧಿಸಲು ಹೊರಟವುಗಳೇ.

ಭಂಡಾರದ ಸ್ವರೂಪ

ಬ್ಯಾಂಕಿನ ಲಾಕರನ್ನು ಎಲ್ಲರೂ ಬಲ್ಲರು. ಅದಕ್ಕೆ ಎರಡು ಕೀಲಿ. ಒಂದು ಬ್ಯಾಂಕಿನದು, ಮತ್ತೊಂದು ಗ್ರಾಹಕನದು. ಗ್ರಾಹಕನು ತನ್ನ ಕೀಲಿಯನ್ನು ಕಳೆದುಕೊಂಡರೆ ಅರ್ಜಿ ಬರೆದುಕೊಟ್ಟು, ವೆಚ್ಚ ತೆತ್ತು, ತನ್ನ ಸಮ್ಮುಖದಲ್ಲಿ ಲಾಕರನ್ನು ಒಡೆಯಿಸಬಹುದು. ತಡವಾದರೂ ಒಡವೆ ಕೈಸೇರುತ್ತದೆ. ಪಾಸ್‌ವರ್ಡ್ ಮ್ಯಾನೇಜರಿನಲ್ಲಿಯೂ ಹೀಗೆಯೇ ಇರಬಹುದೆಂದು ಅನೇಕರು ಭಾವಿಸಿರುತ್ತಾರೆ. ಅದು ತಪ್ಪು ಭಾವನೆ.

ಉದಾಹರಣೆಗಾಗಿ ಬಿಟ್‌ವಾರ್ಡನ್ ಮತ್ತು ಒನ್‌ಪಾಸ್‌ವರ್ಡ್ ಎಂಬ ಎರಡು ಪ್ರಸಿದ್ಧ ಭಂಡಾರಗಳನ್ನು ತೆಗೆದುಕೊಳ್ಳಬಹುದು. ಒನ್‌ಪಾಸ್‌ವರ್ಡ್ 2006ರಲ್ಲಿಯೂ ಬಿಟ್‌ವಾರ್ಡನ್ 2016ರಲ್ಲಿಯೂ ಬಳಕೆಗೆ ಬಂದವು. ಎರಡರಲ್ಲಿಯೂ ಬಳಕೆದಾರನು ಒಂದು ಮುಖ್ಯ ಪಾಸ್‌ವರ್ಡನ್ನು ತಾನೇ ಆರಿಸಿಕೊಳ್ಳುತ್ತಾನೆ. ಅದನ್ನು ಮಾಸ್ಟರ್ ಪಾಸ್‌ವರ್ಡ್ ಎನ್ನುವುದು ರೂಢಿ. ಬಳಕೆದಾರನ ಸ್ವಂತ ಯಂತ್ರದಲ್ಲಿಯೇ ಆ ಪದವನ್ನು ಲಕ್ಷಗಟ್ಟಲೆ ಬಾರಿ ಗಣಿತಕ್ರಿಯೆಗೆ ಒಳಪಡಿಸಿ ಅದರಿಂದ ಒಂದು ಕೀಲಿಯನ್ನು ಹುಟ್ಟಿಸಲಾಗುತ್ತದೆ. ಬಿಟ್‌ವಾರ್ಡನ್‌ನಲ್ಲಿ 2023ರಲ್ಲಿ ಹೊಸ ಖಾತೆಗಳಿಗೆ ಈ ಸುತ್ತುಗಳ ಸಂಖ್ಯೆಯನ್ನು 6 ಲಕ್ಷಕ್ಕೆ ಏರಿಸಲಾಯಿತು. ಹಾಗೆ ಹುಟ್ಟಿದ ಕೀಲಿಯಿಂದಲೇ ಒಳಗಿನ ಬರೆಹವೆಲ್ಲ ಗೂಢಲಿಪಿಗೆ ತಿರುಗುತ್ತದೆ. ಕಂಪನಿಯ ಉಗ್ರಾಣಕ್ಕೆ ತಲಪುವುದು ಆ ಗೂಢಲಿಪಿ ಮಾತ್ರ. ಮಾಸ್ಟರ್ ಪಾಸ್‌ವರ್ಡ್ ಕಂಪನಿಗೆ ತಿಳಿಯದು. ಅದರಿಂದ ಹುಟ್ಟಿದ ಕೀಲಿಯೂ ಅವರ ಬಳಿ ಇರದು.

ಈ ಏರ್ಪಾಡಿನ ಗುಣವೇ ಅದರ ಕಾಠಿಣ್ಯವೂ ಹೌದು. ಕಂಪನಿಯ ನೌಕರನು ಲಂಚಕ್ಕೆ ಒಳಗಾದರೂ, ಉಗ್ರಾಣಕ್ಕೇ ಕನ್ನ ಬಿದ್ದರೂ, ಮಾಸ್ಟರ್ ಪಾಸ್‌ವರ್ಡ್ ಗಟ್ಟಿಯಾಗಿದ್ದಲ್ಲಿ ಕಳ್ಳನಿಗೆ ದೊರೆಯುವುದು ಅರ್ಥವಾಗದ ಅಕ್ಷರರಾಶಿ. ಆದರೆ ಒಡೆಯನೇ ಮರೆತು ಬಂದು ಎಷ್ಟು ಬೇಡಿಕೊಂಡರೂ, ಗುರುತಿನ ಚೀಟಿ ತೋರಿಸಿದರೂ, ಕಂಪನಿಯು ಬಾಗಿಲು ತೆರೆಯಲಾರದು. ತೆರೆಯಲೊಲ್ಲದು ಎಂಬುದಕ್ಕೂ ತೆರೆಯಲಾರದು ಎಂಬುದಕ್ಕೂ ಇರುವ ಅಂತರವನ್ನು ಇಲ್ಲಿ ಮನಗಾಣಬೇಕು.

ದಾರಿ ತಪ್ಪುವ ನಾಲ್ಕು ಬಗೆಗಳು

ಭಂಡಾರದಿಂದ ಒಡೆಯನು ಹೊರಗುಳಿಯುವ ಸಂದರ್ಭಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು.

ಒಂದನೆಯದು ವಿಸ್ಮೃತಿ. ದಿನವೂ ಬೆರಳಚ್ಚಿನಿಂದ ತೆರೆಯುವ ಅಭ್ಯಾಸವಾದವರು ಮಾಸ್ಟರ್ ಪಾಸ್‌ವರ್ಡನ್ನು ತಿಂಗಳುಗಟ್ಟಲೆ ಬರೆಯುವುದೇ ಇಲ್ಲ. ಹೊಸ ಮೊಬೈಲು ಕೊಂಡ ದಿನ ಅದು ಬೇಕಾಗುತ್ತದೆ, ಆಗ ನೆನಪಾಗುವುದಿಲ್ಲ.

ಎರಡನೆಯದು ಎರಡನೆಯ ಹಂತದ ನಷ್ಟ. ಪಾಸ್‌ವರ್ಡಿನ ಜೊತೆಗೆ ಮೊಬೈಲಿನಲ್ಲಿ ಮೂಡುವ ಆರಂಕಿಯ ಸಂಖ್ಯೆಯನ್ನೋ, ಸಣ್ಣದೊಂದು ಭೌತಿಕ ಕೀಲಿಯನ್ನೋ ಕೇಳುವಂತೆ ಏರ್ಪಡಿಸಿಕೊಳ್ಳುವುದು ಒಳ್ಳೆಯ ಪದ್ಧತಿ. ಆ ಮೊಬೈಲು ಬಸ್ಸಿನಲ್ಲಿ ಕಳೆದರೆ, ಪಾಸ್‌ವರ್ಡ್ ಬಾಯಿಪಾಠವಿದ್ದರೂ ಪ್ರವೇಶವಿಲ್ಲ.

ಮೂರನೆಯದು ಸಾಧನಗಳೆಲ್ಲವೂ ಒಟ್ಟಿಗೆ ಹೋಗುವುದು. ಬೆಂಕಿ, ನೆರೆ, ಕಳವುಗಳಲ್ಲಿ ಮೊಬೈಲೂ ಕಂಪ್ಯೂಟರೂ ಪಕ್ಕದಲ್ಲಿಟ್ಟ ಕಾಗದವೂ ಒಂದೇ ಸಲ ನಾಶವಾಗುತ್ತವೆ.

ನಾಲ್ಕನೆಯದು ಒಡೆಯನೇ ಇಲ್ಲವಾಗುವುದು, ಅಥವಾ ಇದ್ದೂ ಮಾತನಾಡಲಾರದ ಸ್ಥಿತಿಗೆ ಬರುವುದು. ಇದನ್ನು ಕುರಿತು ಯೋಚಿಸಲು ಯಾರಿಗೂ ಮನಸ್ಸು ಬಾರದು. ಆದುದರಿಂದಲೇ ಇದಕ್ಕೆ ಸಿದ್ಧತೆಯೂ ಅತ್ಯಂತ ಕಡಿಮೆ.

ಒಂದೇ ಉಪಾಯದಿಂದ ಈ ನಾಲ್ಕೂ ಪರಿಹಾರವಾಗುವುದಿಲ್ಲ. ಯಾವುದು ಯಾವುದಕ್ಕೆ ಮದ್ದು ಎಂಬುದನ್ನು ಬಿಡಿಸಿ ನೋಡಬೇಕು.

ಮೊದಲನೆಯ ಉಪಾಯ: ಕಾಗದ

ಇಂತಹ ನವೀನ ಸಾಧನಕ್ಕೆ ಅತ್ಯಂತ ನೆಚ್ಚಿಕೆಯ ಬೆಂಬಲವು ಹಳೆಯ ಕಾಗದವೇ ಎಂಬುದು ಹಲವರಿಗೆ ಸೋಜಿಗವೆನಿಸಬಹುದು. ಒನ್‌ಪಾಸ್‌ವರ್ಡ್ ಖಾತೆ ತೆರೆದಾಗ ಬಳಕೆದಾರನ ಯಂತ್ರದಲ್ಲಿ ಸೀಕ್ರೆಟ್ ಕೀ ಎಂಬ 34 ಅಕ್ಷರ ಮತ್ತು ಅಂಕಿಗಳ ಒಂದು ಸಂಕೇತ ಹುಟ್ಟುತ್ತದೆ. ಹೊಸ ಸಾಧನದಲ್ಲಿ ಒಳಹೋಗಲು ಪಾಸ್‌ವರ್ಡಿನೊಡನೆ ಇದೂ ಬೇಕು. ಇಷ್ಟುದ್ದದ ಸಂಕೇತವನ್ನು ಯಾರೂ ನೆನಪಿಡಲಾರರು. ಅದಕ್ಕಾಗಿ ಎಮರ್ಜೆನ್ಸಿ ಕಿಟ್ ಎಂಬ ಒಂದು ಪುಟವನ್ನು ಕಂಪನಿ ಸಿದ್ಧಪಡಿಸಿ ಕೊಡುತ್ತದೆ. ಪ್ರವೇಶದ ವಿಳಾಸ, ಇ-ಮೇಲ್, ಸೀಕ್ರೆಟ್ ಕೀ ಇವು ಅದರಲ್ಲಿ ಅಚ್ಚಾಗಿರುತ್ತವೆ. ಪಾಸ್‌ವರ್ಡನ್ನು ಕೈಯಿಂದ ಬರೆದುಕೊಳ್ಳಲು ಸ್ಥಳ ಬಿಟ್ಟಿರುತ್ತದೆ. ಅದನ್ನು ಮುದ್ರಿಸಿ, ತುಂಬಿ, ಭದ್ರವಾದ ಎಡೆಯಲ್ಲಿ ಇಡಬೇಕು. ಇತರ ಭಂಡಾರಗಳನ್ನು ಬಳಸುವವರೂ ಇಂತಹದೊಂದು ಹಾಳೆಯನ್ನು ತಾವೇ ಬರೆದಿಟ್ಟುಕೊಳ್ಳಬಹುದು.

ಬರೆಯುವಾಗ ಲಿಪಿದೋಷದ ಭಯವಿದೆ. ಓಲೆಗರಿಯನ್ನು ಪ್ರತಿಮಾಡಿದ ಲಿಪಿಕಾರನ ಒಂದು ತಪ್ಪಿನಿಂದ ಪಾಠವೇ ಕೆಟ್ಟುದನ್ನು ಗ್ರಂಥಸಂಪಾದಕರು ಬಲ್ಲರು. ಅಲ್ಲಿ ಅರ್ಥದ ಆಧಾರದಿಂದ ಪಾಠವನ್ನು ತಿದ್ದಲು ಅವಕಾಶವುಂಟು. ಅರ್ಥವಿಲ್ಲದ ಸಂಕೇತದಲ್ಲಿ ಆ ಅವಕಾಶವಿಲ್ಲ. ಸೊನ್ನೆಗೂ ಇಂಗ್ಲಿಷಿನ ಓ ಅಕ್ಷರಕ್ಕೂ, ಒಂದು ಅಂಕಿಗೂ ಎಲ್ ಮತ್ತು ಐ ಅಕ್ಷರಗಳಿಗೂ ಭೇದ ಕಾಣುವಂತೆ ಬರೆಯಬೇಕು; ದೊಡ್ಡಕ್ಷರವೋ ಸಣ್ಣಕ್ಷರವೋ ಎಂಬುದು ಸ್ಪಷ್ಟವಾಗಿರಬೇಕು. ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಪಾಸ್‌ವರ್ಡ್ ಮಾಡಿಕೊಂಡವರಿಗೆ ಮತ್ತೊಂದು ತೊಡಕು. ‘ಹೂವು’ ಎಂಬ ಪದದ ದೀರ್ಘಕ್ಕೆ ಒಬ್ಬರು ಓ ಅಕ್ಷರವನ್ನು ಎರಡು ಸಲ ಒತ್ತುತ್ತಾರೆ, ಮತ್ತೊಬ್ಬರು ಯು ಅಕ್ಷರವನ್ನು ಒಂದೇ ಸಲ ಒತ್ತುತ್ತಾರೆ. ಪದ ನೆನಪಿದ್ದು ವರ್ಣಸಂಯೋಜನೆ ಮರೆತರೂ ಬಾಗಿಲು ತೆರೆಯದು. ಆದಕಾರಣ ಕನ್ನಡ ಪದವನ್ನು ಬರೆದಿಟ್ಟರೆ ಸಾಲದು, ಒತ್ತಿದ ಅಕ್ಷರಗಳನ್ನೇ ಇದ್ದುದು ಇದ್ದಂತೆ ಬರೆದಿಡಬೇಕು.

ಕಾಗದವನ್ನು ಇಡುವ ಸ್ಥಳ ಮುಖ್ಯ. ಒಂದು ಪ್ರತಿ ಮನೆಯ ಬೀರುವಿನಲ್ಲಿ, ಮತ್ತೊಂದು ಬ್ಯಾಂಕಿನ ಲಾಕರಿನಲ್ಲಿ ಅಥವಾ ಬೇರೆ ಊರಿನಲ್ಲಿರುವ ಆಪ್ತರ ಮನೆಯಲ್ಲಿ ಮುದ್ರೆಯೊತ್ತಿದ ಲಕೋಟೆಯಲ್ಲಿರಬೇಕು. ಎರಡೂ ಪ್ರತಿಗಳು ಒಂದೇ ಸೂರಿನಡಿ ಇದ್ದರೆ ಬೆಂಕಿಗೆ ಅವು ಒಂದೇ ಪ್ರತಿಯಾಗಿಬಿಡುತ್ತವೆ. ಕಾಗದದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡುವುದು ಸರ್ವಥಾ ಸಲ್ಲದು. ಆ ಚಿತ್ರವು ತಾನಾಗಿಯೇ ಎಲ್ಲೆಲ್ಲಿಗೆ ನಕಲಾಗಿ ಹೋಗುವುದೋ ಬಲ್ಲವರಿಲ್ಲ.

ಕಾಗದ ಕಳೆದರೆ ಏನಾಗುವುದೆಂಬುದಕ್ಕೆ ಲೋಕಪ್ರಸಿದ್ಧವಾದ ಒಂದು ನಿದರ್ಶನವಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಸ್ಟೆಫಾನ್ ಥಾಮಸ್ ಎಂಬ ಜರ್ಮನ್ ಮೂಲದ ತಂತ್ರಜ್ಞನು 7,002 ಬಿಟ್‌ಕಾಯಿನ್‌ಗಳ ಕೀಲಿಯನ್ನು ಐರನ್‌ಕೀ ಎಂಬ ಸಣ್ಣ ಸಾಧನದಲ್ಲಿ ಇಟ್ಟಿದ್ದನು. ಅದರ ಪಾಸ್‌ವರ್ಡನ್ನು ಬರೆದಿದ್ದ ಕಾಗದವನ್ನು ಕಳೆದುಕೊಂಡನು. ಹತ್ತು ಸಲ ತಪ್ಪಿದರೆ ಆ ಸಾಧನವು ತನ್ನೊಳಗಿನದನ್ನು ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. 2021ರ ಜನವರಿಯಲ್ಲಿ ಈ ವಾರ್ತೆ ಪ್ರಕಟವಾದಾಗ ಅವನು ಎಂಟು ಸಲ ತಪ್ಪಿದ್ದನು; ಅದರೊಳಗಿನ ಸಂಪತ್ತಿನ ಅಂದಿನ ಬೆಲೆ ಸುಮಾರು 22 ಕೋಟಿ ಡಾಲರ್. ಆತನು ಬುದ್ಧಿವಂತನೇ, ಆ ಶಾಸ್ತ್ರದಲ್ಲಿ ಪರಿಣತನೇ. ಇಲ್ಲದೆ ಹೋದದ್ದು ಎರಡನೆಯ ಒಂದು ಚೀಟಿ.

ಎರಡನೆಯ ಉಪಾಯ: ಸುಳಿವು

ಬಿಟ್‌ವಾರ್ಡನ್ ಮುಂತಾದವು ಮಾಸ್ಟರ್ ಪಾಸ್‌ವರ್ಡನ್ನು ನೆನಪಿಸುವ ಒಂದು ಸುಳಿವನ್ನು ಬರೆದಿಡಲು ಅವಕಾಶ ಕೊಡುತ್ತವೆ. ಕೇಳಿದಾಗ ಅದು ಖಾತೆಯ ಇ-ಮೇಲಿಗೆ ಬರುತ್ತದೆ. ಸುಳಿವು ಒಡೆಯನಿಗೆ ಮಾತ್ರ ಅರ್ಥವಾಗುವ ಒಗಟಿನಂತಿರಬೇಕು. ಪಾಸ್‌ವರ್ಡನ್ನೇ ಸುಳಿವಾಗಿ ಬರೆದಿಡುವವರಿದ್ದಾರೆ. ಅದು ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ತೂಗುಹಾಕಿದಂತೆ. ಇದು ಅರೆಮರೆವಿಗೆ ಮದ್ದೇ ಹೊರತು ಪೂರ್ಣ ವಿಸ್ಮೃತಿಗೆ ಅಲ್ಲ.

ಮೂರನೆಯ ಉಪಾಯ: ಮರುಪ್ರವೇಶ ಸಂಕೇತ

ಮರುಪ್ರವೇಶ ಸಂಕೇತ ಎಂಬ ಒಂದೇ ಹೆಸರಿನಲ್ಲಿ ಎರಡು ಭಿನ್ನ ವಸ್ತುಗಳು ಚಲಾವಣೆಯಲ್ಲಿವೆ. ಈ ಭೇದವನ್ನು ಅರಿಯದೆ ಮೋಸಹೋಗುವವರು ಅನೇಕರು.

ಬಿಟ್‌ವಾರ್ಡನ್ ಕೊಡುವ ಸಂಕೇತವು ಎರಡನೆಯ ಹಂತವನ್ನು ಮಾತ್ರ ಸಡಿಲಿಸುತ್ತದೆ. ಮೊಬೈಲು ಕಳೆದವನು ತನ್ನ ಇ-ಮೇಲ್, ಮಾಸ್ಟರ್ ಪಾಸ್‌ವರ್ಡ್, ಜೊತೆಗೆ ಈ ಸಂಕೇತವನ್ನು ಕೊಟ್ಟರೆ ಎರಡನೆಯ ಹಂತದ ಕಾವಲು ತೆಗೆದುಹೋಗಿ ಪ್ರವೇಶ ದೊರೆಯುತ್ತದೆ. ಮಾಸ್ಟರ್ ಪಾಸ್‌ವರ್ಡನ್ನೇ ಮರೆತವನಿಗೆ ಇದರಿಂದ ಪ್ರಯೋಜನವಿಲ್ಲ. ಒಮ್ಮೆ ಬಳಸಿದ ಸಂಕೇತ ಮತ್ತೆ ನಡೆಯದು. ಹೊಸದನ್ನು ಬರೆದಿಟ್ಟುಕೊಂಡು, ಎರಡನೆಯ ಹಂತವನ್ನು ಪುನಃ ಏರ್ಪಡಿಸಬೇಕು. ಈ ಸಂಕೇತವನ್ನು ಮುಂಚಿತವಾಗಿಯೇ ಪಡೆದಿರಬೇಕು. ಹೊರಗುಳಿದ ಮೇಲೆ ಕೇಳಿದರೆ ದೊರೆಯದು.

ಒನ್‌ಪಾಸ್‌ವರ್ಡ್ 2024ರಲ್ಲಿ ವೈಯಕ್ತಿಕ ಹಾಗೂ ಕುಟುಂಬದ ಖಾತೆಗಳಿಗೆ ತಂದ ಸಂಕೇತವು ಇದಕ್ಕಿಂತ ವ್ಯಾಪಕವಾದುದು. ಪಾಸ್‌ವರ್ಡನ್ನಾಗಲಿ ಸೀಕ್ರೆಟ್ ಕೀಯನ್ನಾಗಲಿ ಕಳೆದುಕೊಂಡವನು, ಈ ಸಂಕೇತವನ್ನು ಕೊಟ್ಟು, ತನ್ನ ಇ-ಮೇಲಿಗೆ ಬಂದ ಪರಿಶೀಲನೆಯನ್ನೂ ಪೂರೈಸಿದರೆ, ಹೊಸ ಪಾಸ್‌ವರ್ಡನ್ನು ನಿಗದಿಪಡಿಸಿಕೊಂಡು ಒಳಹೋಗಬಹುದು. ಸಂಕೇತವೊಂದೇ ಕಳ್ಳನ ಕೈಗೆ ಸಿಕ್ಕರೆ ಸಾಲದು, ಇ-ಮೇಲೂ ಬೇಕು ಎಂಬುದು ಇಲ್ಲಿನ ಎಚ್ಚರಿಕೆ.

ಇದರಿಂದ ಇ-ಮೇಲಿನ ಮಹತ್ತ್ವವೂ ಸ್ಪಷ್ಟವಾಗುತ್ತದೆ. ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಏರ್ಪಡಿಸಿದವರು ಎಂಟಂಕಿಯ ಹತ್ತು ಬ್ಯಾಕಪ್ ಸಂಕೇತಗಳ ಒಂದು ಪಟ್ಟಿಯನ್ನು ಪಡೆಯಬಹುದು. ಒಂದೊಂದು ಒಂದೊಂದು ಸಲಕ್ಕೆ. ಹೊಸ ಪಟ್ಟಿಯನ್ನು ತೆಗೆದ ಕೂಡಲೆ ಹಳೆಯದು ನಿಷ್ಪ್ರಯೋಜಕವಾಗುತ್ತದೆ. ಹಳೆಯ ಕಾಗದವನ್ನು ಹರಿದುಹಾಕಿ ಹೊಸದನ್ನು ಅದೇ ಸ್ಥಳದಲ್ಲಿಡಬೇಕು.

ನಾಲ್ಕನೆಯ ಉಪಾಯ: ಜೋಡಿ ಸಾಧನ

ಎರಡನೆಯ ಹಂತಕ್ಕೆ ಭೌತಿಕ ಕೀಲಿಯನ್ನು ಬಳಸುವವರು ಎರಡನ್ನು ಕೊಂಡು ಎರಡನ್ನೂ ಖಾತೆಗೆ ಜೋಡಿಸಬೇಕು. ಒಂದು ಜೇಬಿನಲ್ಲಿ, ಮತ್ತೊಂದು ಬೀರುವಿನಲ್ಲಿ. ಸಂಖ್ಯೆ ಮೂಡಿಸುವ ಆ್ಯಪನ್ನು ಬಳಸುವವರು ಅದರ ಮೂಲಸಂಕೇತವನ್ನು ಎರಡನೆಯ ಸಾಧನದಲ್ಲಿಯೂ ಇಟ್ಟುಕೊಳ್ಳಬಹುದು. ಎಸ್ಸೆಮ್ಮೆಸ್ಸಿನಲ್ಲಿ ಬರುವ ಸಂಖ್ಯೆಯನ್ನೇ ನಂಬುವುದು ದುರ್ಬಲ ಮಾರ್ಗ. ನಕಲಿ ದಾಖಲೆ ತೋರಿಸಿ ಪರರ ಹೆಸರಿನ ಸಿಮ್ಮನ್ನು ಪಡೆಯುವ ವಂಚಕರಿದ್ದಾರೆ.

ಈಗಾಗಲೇ ತೆರೆದಿರುವ ಒಂದು ಸಾಧನವೂ ಆಪತ್ಕಾಲದ ಬಾಗಿಲೇ. ಮಾಸ್ಟರ್ ಪಾಸ್‌ವರ್ಡ್ ಮರೆತಿದ್ದರೂ ಮೊಬೈಲಿನಲ್ಲಿ ಬೆರಳಚ್ಚಿನಿಂದ ಭಂಡಾರ ತೆರೆಯುತ್ತಿದ್ದರೆ, ಆತುರದಿಂದ ಅದರಿಂದ ಲಾಗ್ ಔಟ್ ಆಗಬಾರದು, ಆ್ಯಪನ್ನು ತೆಗೆದುಹಾಕಬಾರದು. ಒಳಗಿನ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಬರೆದುಕೊಂಡು, ಹೊಸ ಖಾತೆ ತೆರೆದು ಅಲ್ಲಿಗೆ ಸಾಗಿಸಬಹುದು. ಶ್ರಮದ ಕೆಲಸ, ಆದರೆ ಏನೂ ಉಳಿಯದುದಕ್ಕಿಂತ ಮೇಲು.

ಐದನೆಯ ಉಪಾಯ: ವಿಶ್ವಾಸಿಗಳು

ನಾಲ್ಕನೆಯ ಬಗೆಯ ಆಪತ್ತಿಗೆ, ಎಂದರೆ ಒಡೆಯನೇ ಇಲ್ಲವಾದಾಗ, ಮನುಷ್ಯರೇ ಗತಿ. ನಿವೃತ್ತ ಅಧ್ಯಾಪಕರೊಬ್ಬರ ಮನೆಯನ್ನು ಉದಾಹರಣೆಗೆ ಊಹಿಸಬಹುದು. ವಿದ್ಯುತ್ ಬಿಲ್ಲಿನಿಂದ ಠೇವಣಿಯವರೆಗೆ ಸಮಸ್ತವನ್ನೂ ಯಜಮಾನರೇ ನೋಡಿಕೊಳ್ಳುತ್ತಿದ್ದರು. ಅವರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಆಸ್ಪತ್ರೆಯಲ್ಲಿ ವಿಮೆಯ ಸಂಖ್ಯೆ ಕೇಳುತ್ತಾರೆ, ಅದು ಭಂಡಾರದೊಳಗಿದೆ. ಪತ್ನಿಗೆ ಪತಿಯ ಮನಸ್ಸೆಲ್ಲ ಗೊತ್ತು, ಆ ಒಂದು ಪದ ಗೊತ್ತಿಲ್ಲ. ಪತಿ ಕಣ್ಣು ತೆರೆದು ನೋಡುತ್ತಿದ್ದಾರೆ, ಹೇಳಲಾರರು. ಇಂತಹ ಗಳಿಗೆಗಾಗಿಯೇ ಮುಂದಿನ ಏರ್ಪಾಡು.

ಬಿಟ್‌ವಾರ್ಡನ್‌ನಲ್ಲಿ ಶುಲ್ಕ ಕೊಡುವ ಬಳಕೆದಾರನು ತನಗೆ ಆಪ್ತರಾದವರನ್ನು ಆಪತ್ಕಾಲದ ವಿಶ್ವಾಸಿಗಳನ್ನಾಗಿ ನೇಮಿಸಬಹುದು. ವಿಶ್ವಾಸಿಗೂ ಅಲ್ಲಿ ಒಂದು ಖಾತೆಯಿರಬೇಕು. ಅದು ಶುಲ್ಕರಹಿತ ಖಾತೆಯಾದರೂ ಸಾಕು. ಒಡೆಯನು ಆಹ್ವಾನಿಸುವುದು, ವಿಶ್ವಾಸಿಯು ಒಪ್ಪುವುದು, ಒಡೆಯನು ದೃಢೀಕರಿಸುವುದು ಎಂದು ಮೂರು ಮೆಟ್ಟಿಲು. ಮೂರನೆಯದನ್ನು ಮರೆತು ಬಿಟ್ಟರೆ ಏರ್ಪಾಡು ಅಪೂರ್ಣ. ಕಾಯುವ ಅವಧಿಯನ್ನು ಒಂದು ದಿನದಿಂದ 90 ದಿನಗಳವರೆಗೆ ಒಡೆಯನೇ ಗೊತ್ತುಪಡಿಸುತ್ತಾನೆ. ಮುಂದೆ ಎಂದಾದರೂ ವಿಶ್ವಾಸಿಯು ಪ್ರವೇಶ ಬೇಡಿದಾಗ ಒಡೆಯನಿಗೆ ಇ-ಮೇಲ್ ಹೋಗುತ್ತದೆ. ಒಡೆಯನು ಆ ಅವಧಿಯೊಳಗೆ ನಿರಾಕರಿಸದಿದ್ದರೆ ಬಾಗಿಲು ತೆರೆಯುತ್ತದೆ. ವಿಶ್ವಾಸಿಗೆ ಕೇವಲ ನೋಡುವ ಅಧಿಕಾರ ಕೊಡಬಹುದು. ಇಲ್ಲವೆ ಹೊಸ ಮಾಸ್ಟರ್ ಪಾಸ್‌ವರ್ಡ್ ನಿಗದಿಪಡಿಸಿ ಖಾತೆಯನ್ನೇ ವಹಿಸಿಕೊಳ್ಳುವ ಅಧಿಕಾರ ಕೊಡಬಹುದು.

ಕಂಪನಿಗೆ ಕೀಲಿ ತಿಳಿಯದೆಂದ ಮೇಲೆ ಇದು ಹೇಗೆ ಸಾಧ್ಯವೆಂಬ ಶಂಕೆ ಸಹಜ. ದೃಢೀಕರಿಸುವ ಗಳಿಗೆಯಲ್ಲಿ ಒಡೆಯನ ಯಂತ್ರವು ಭಂಡಾರದ ಕೀಲಿಯನ್ನು, ವಿಶ್ವಾಸಿಯೊಬ್ಬನೇ ತೆರೆಯಬಲ್ಲ ಗಣಿತದ ಲಕೋಟೆಯಲ್ಲಿಟ್ಟು ಕಂಪನಿಗೆ ಒಪ್ಪಿಸುತ್ತದೆ. ಕಂಪನಿಯು ಲಕೋಟೆಯನ್ನು ಕಾಯುವ ಅಂಚೆಯಣ್ಣನೇ ಹೊರತು ಓದುವವನಲ್ಲ.

ಒನ್‌ಪಾಸ್‌ವರ್ಡಿನ ಕುಟುಂಬ ಖಾತೆಯಲ್ಲಿ ಸಂಚಾಲಕನ ಸ್ಥಾನದಲ್ಲಿರುವವರು ಮನೆಯ ಇತರ ಸದಸ್ಯರಿಗೆ ಮರುಪ್ರವೇಶ ಮಾಡಿಕೊಡಬಹುದು. ಸಂಚಾಲಕನು ಒಬ್ಬನೇ ಇದ್ದು ಅವನೇ ಮರೆತರೆ ಈ ದಾರಿ ಮುಚ್ಚುತ್ತದೆ. ಆದ್ದರಿಂದ ಕನಿಷ್ಠ ಇಬ್ಬರು ಸಂಚಾಲಕರಿರಬೇಕು. ಪತಿಪತ್ನಿಯರಿಬ್ಬರೂ ಆ ಸ್ಥಾನದಲ್ಲಿರುವುದು ಉಚಿತ.

ಆರನೆಯ ಉಪಾಯ: ಭಂಡಾರದ ನಕಲು

ಕೀಲಿಯ ಪ್ರತಿಯನ್ನು ಇಡುವಂತೆ ಭಂಡಾರದ ಪ್ರತಿಯನ್ನೇ ತೆಗೆದಿಡುವುದು ಮತ್ತೊಂದು ಮಾರ್ಗ. ಒಳಗಿನದೆಲ್ಲವನ್ನೂ ಒಂದು ಕಡತವಾಗಿ ಹೊರತೆಗೆದು ಯುಎಸ್‌ಬಿ ಕಡ್ಡಿಯಲ್ಲಿಟ್ಟು ಲಾಕರಿಗೆ ಸೇರಿಸಬಹುದು. ಕಡತವು ತೆರೆದ ಬರೆಹದಲ್ಲಿದ್ದರೆ ಕೈಗೆ ಸಿಕ್ಕವರೆಲ್ಲ ಓದಬಹುದು, ಗೂಢಲಿಪಿಯಲ್ಲಿಯೇ ತೆಗೆಯಬೇಕು. ಇಲ್ಲಿಯೂ ಒಂದು ಸೂಕ್ಷ್ಮವಿದೆ. ಬಿಟ್‌ವಾರ್ಡನ್‌ನ ಗೂಢಲಿಪಿಯ ನಕಲು ಎರಡು ಬಗೆ. ಒಂದು ಆ ಖಾತೆಗೇ ಕಟ್ಟುಬಿದ್ದದ್ದು. ಖಾತೆ ಹೋದರೆ ಅದೂ ವ್ಯರ್ಥ. ಮತ್ತೊಂದು ಪ್ರತ್ಯೇಕ ಪಾಸ್‌ವರ್ಡಿನಿಂದ ಮುಚ್ಚಿದ್ದು. ಇದನ್ನು ಬೇರೆ ಖಾತೆಯಲ್ಲಿಯೂ ತೆರೆಯಬಹುದು. ಆಪತ್ಕಾಲಕ್ಕೆ ಒದಗುವುದು ಎರಡನೆಯದೇ.

ಏಳನೆಯ ಉಪಾಯ: ಹಂಚಿಟ್ಟ ರಹಸ್ಯ

ಒಬ್ಬರನ್ನೇ ಪೂರ್ಣವಾಗಿ ನಂಬಲಾರದವರಿಗೆ ಗಣಿತಶಾಸ್ತ್ರವು ಒಂದು ಚೆಲುವಾದ ದಾರಿಯನ್ನು ತೋರಿಸಿದೆ. 1979ರಲ್ಲಿ ಇಸ್ರೇಲಿನ ಗಣಿತಜ್ಞ ಆದಿ ಶಮೀರ್ ಇದನ್ನು ನಿರೂಪಿಸಿದರು. ಮೂವರಿಗೆ ಒಂದೊಂದು ಪಾಲು ಕೊಟ್ಟು, ಯಾರಾದರೂ ಇಬ್ಬರು ಸೇರಿದರೆ ಮಾತ್ರ ರಹಸ್ಯ ತಿಳಿಯುವಂತೆ ಮಾಡಬಹುದು.

ಪ್ರೌಢಶಾಲೆಯ ಕರಿಹಲಗೆಯ ಮೇಲೆಯೇ ಇದನ್ನು ತೋರಿಸಬಹುದು. ರಹಸ್ಯ ಸಂಖ್ಯೆ 7 ಎಂದಿರಲಿ. 7ರಿಂದ ಹೊರಟು ಒಂದೊಂದು ಹೆಜ್ಜೆಗೂ 3 ಏರುವ ಸರಳರೇಖೆಯನ್ನು ಎಳೆಯಬೇಕು. ಮೊದಲ ಹೆಜ್ಜೆಯಲ್ಲಿ 10, ಎರಡನೆಯದರಲ್ಲಿ 13, ಮೂರನೆಯದರಲ್ಲಿ 16. ಒಬ್ಬೊಬ್ಬರಿಗೆ ಒಂದೊಂದು ಬಿಂದು. ಮೊದಲನೆಯವನೂ ಮೂರನೆಯವನೂ ಸೇರಿದರೆ, ಎರಡು ಹೆಜ್ಜೆಗೆ 6 ಏರಿದೆ, ಆದ್ದರಿಂದ ಹೆಜ್ಜೆಗೆ 3, ಮೊದಲ ಹೆಜ್ಜೆಯ 10ರಿಂದ 3 ಕಳೆದರೆ 7 ಎಂದು ಲೆಕ್ಕ ಹಾಕಬಲ್ಲರು. ಒಬ್ಬನೇ ಇದ್ದರೆ ಒಂದು ಬಿಂದುವಿನ ಮೂಲಕ ಅಸಂಖ್ಯ ರೇಖೆಗಳು ಹಾಯುವುದರಿಂದ ಅವನಿಗೆ ಏನೂ ತಿಳಿಯದು. ವ್ಯವಹಾರದಲ್ಲಿ ಇದನ್ನು ಬಹು ದೊಡ್ಡ ಸಂಖ್ಯೆಗಳಲ್ಲಿ, ಸೀಮಿತ ಅಂಕಗಣಿತದಲ್ಲಿ, ಯಂತ್ರವೇ ಮಾಡುತ್ತದೆ.

ಪಾಸ್‌ವರ್ಡನ್ನು ಎರಡು ತುಂಡು ಮಾಡಿ ಇಬ್ಬರಿಗೆ ಕೊಡುವುದು ಇದಕ್ಕೆ ಸಮನಲ್ಲ. ಅರ್ಧ ತಿಳಿದವನಿಗೆ ಉಳಿದರ್ಧವನ್ನು ಊಹಿಸುವುದು ಸುಲಭ. ಒಂದು ತುಂಡು ಕಳೆದರೆ ಎಲ್ಲವೂ ಹೋಯಿತು. ಸಾಮಾನ್ಯ ಸಂಸಾರಕ್ಕೆ ಶಮೀರರ ವಿಧಾನ ಅವಶ್ಯಕವಲ್ಲ. ಸಂಸ್ಥೆಗಳು ಇದನ್ನು ಆಲೋಚಿಸಬಹುದು.

ಪೆಟ್ಟಿಗೆಯೊಳಗಣ ಕೀಲಿ

ಉಪಾಯಗಳೆಲ್ಲವೂ ಇದ್ದೂ ಕೆಲಸಕ್ಕೆ ಬಾರದಿರಲು ಕಾರಣವಾಗುವ ಒಂದು ದೋಷವನ್ನು ಪ್ರತ್ಯೇಕವಾಗಿ ಹೇಳಬೇಕು. ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯವೆಂದು ಕರೆಯುವ ದೋಷವಿದು. ಭಂಡಾರ ತೆರೆಯಲು ಇ-ಮೇಲ್ ಬೇಕು. ಇ-ಮೇಲಿನ ಪಾಸ್‌ವರ್ಡ್ ಭಂಡಾರದೊಳಗೇ ಇದೆ. ಮರುಪ್ರವೇಶ ಸಂಕೇತವನ್ನು ಜೋಪಾನವಾಗಿ ಭಂಡಾರದಲ್ಲಿಯೇ ಬರೆದಿಡಲಾಗಿದೆ. ಎರಡನೆಯ ಹಂತದ ಸಂಖ್ಯೆ ಮೂಡುವುದೂ ಅದೇ ಭಂಡಾರದೊಳಗೆ. ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದವನ ಕಥೆ ಇದು. ಆದ್ದರಿಂದ ಮಾಸ್ಟರ್ ಪಾಸ್‌ವರ್ಡ್, ಮುಖ್ಯ ಇ-ಮೇಲಿನ ಪಾಸ್‌ವರ್ಡ್, ಮೊಬೈಲಿನ ಪಿನ್, ಮರುಪ್ರವೇಶ ಸಂಕೇತಗಳು ಈ ನಾಲ್ಕು ಭಂಡಾರದ ಹೊರಗೆ ಕಾಗದದ ಮೇಲೆ ಇರಲೇಬೇಕು.

ಪರೀಕ್ಷಿಸದ ಉಪಾಯವನ್ನು ಉಪಾಯವೆಂದು ಎಣಿಸಲಾಗದು. ವರ್ಷಕ್ಕೊಮ್ಮೆ, ಹಳೆಯ ಸಾಧನವನ್ನು ತೆರೆದಿಟ್ಟುಕೊಂಡೇ, ಬೇರೆ ಕಂಪ್ಯೂಟರಿನಲ್ಲಿ ಕಾಗದವೊಂದನ್ನೇ ನೋಡಿಕೊಂಡು ಒಳಹೋಗಿ ನೋಡಬೇಕು. ಮಾಸ್ಟರ್ ಪಾಸ್‌ವರ್ಡ್ ಬದಲಾಯಿಸಿದ ದಿನವೇ ಕಾಗದಗಳನ್ನೂ ಬದಲಾಯಿಸಬೇಕು. ವಾರಕ್ಕೊಮ್ಮೆಯಾದರೂ ಬೆರಳಚ್ಚನ್ನು ಬಿಟ್ಟು ಪಾಸ್‌ವರ್ಡನ್ನೇ ಬರೆದು ತೆರೆಯುವುದು ನೆನಪಿಗೆ ಒಳ್ಳೆಯ ಸಾಧನೆ. ಆವೃತ್ತಿಯಿಂದಲೇ ಪಾಠ ನಿಲ್ಲುವುದೆಂಬುದನ್ನು ಅಧ್ಯಾಪಕರಿಗೆ ಹೇಳಬೇಕಾಗಿಲ್ಲ.

ವಿದ್ಯಾಸಂಸ್ಥೆಗಳಿಗೆ ಸಂಬಂಧಿಸಿದಂತೆ

ಮುಖ್ಯೋಪಾಧ್ಯಾಯರು ನಿವೃತ್ತರಾಗುವ ದಿನ ಚಾರ್ಜ್ ಪಟ್ಟಿಯಲ್ಲಿ ಬೀರುವಿನ ಕೀಲಿಗಳು, ನಗದು ಪುಸ್ತಕ, ಹಾಜರಿ ಪುಸ್ತಕಗಳು, ಪೀಠೋಪಕರಣಗಳು ಲೆಕ್ಕ ಹಾಕಿ ಹಸ್ತಾಂತರವಾಗುತ್ತವೆ. ಇಂದು ವಿದ್ಯಾರ್ಥಿಗಳ ವಿವರಗಳು ಸ್ಯಾಟ್ಸ್ ಮತ್ತು ಯುಡೈಸ್ ಪ್ಲಸ್ ವ್ಯವಸ್ಥೆಗಳಲ್ಲಿವೆ. ಶಾಲೆಯ ಇ-ಮೇಲ್, ಬ್ಯಾಂಕಿನ ಆನ್‌ಲೈನ್ ವ್ಯವಹಾರ, ಸಂಸ್ಥೆಯ ಜಾಲತಾಣ ಇವೂ ಇವೆ. ಒಬ್ಬ ಗುಮಾಸ್ತರ ಸ್ವಂತ ಮೊಬೈಲಿನ ಸಂಖ್ಯೆಗೆ ಇವೆಲ್ಲ ಕಟ್ಟುಬಿದ್ದಿದ್ದರೆ, ಅವರು ವರ್ಗವಾದ ದಿನ ಅಥವಾ ಅನಾರೋಗ್ಯದಿಂದ ಮಲಗಿದ ದಿನ ದಾಖಲಾತಿಯೇ ನಿಲ್ಲುತ್ತದೆ. ಸಂಸ್ಥೆಯ ಖಾತೆಗಳು ಸಂಸ್ಥೆಯ ಇ-ಮೇಲಿಗೂ ಸಂಸ್ಥೆಯ ಹೆಸರಿನ ಸಿಮ್ಮಿಗೂ ಸೇರಿರಬೇಕು. ಮರುಪ್ರವೇಶದ ಕಾಗದವು ಮುದ್ರೆಯೊತ್ತಿದ ಲಕೋಟೆಯಲ್ಲಿ ತಿಜೋರಿಯಲ್ಲಿರಬೇಕು. ಯಾವಾಗ ಯಾರು ಒಡೆದರೆಂಬುದನ್ನು ಇಬ್ಬರ ಸಹಿಯೊಡನೆ ಪುಸ್ತಕದಲ್ಲಿ ನಮೂದಿಸಬೇಕು. ಚಾರ್ಜ್ ಪಟ್ಟಿಗೆ ‘ಪಾಸ್‌ವರ್ಡ್ ಲಕೋಟೆ: ಒಂದು’ ಎಂಬ ಸಾಲು ಸೇರುವುದು ಕಾಲಕ್ಕೆ ತಕ್ಕುದು. ಹೊಸಬರು ಅಧಿಕಾರ ವಹಿಸಿಕೊಂಡ ಕೂಡಲೆ ಪಾಸ್‌ವರ್ಡ್‌ಗಳನ್ನು ಬದಲಾಯಿಸುವುದು ಹಿಂದಿನವರ ಮೇಲಿನ ಅವಿಶ್ವಾಸವಲ್ಲ; ಅವರನ್ನು ಮುಂದಿನ ಅಪವಾದದಿಂದ ಕಾಯುವ ಕ್ರಮ.

ಕೊನೆಯದಾಗಿ ಒಂದು ಎಚ್ಚರಿಕೆ. ಕಳೆದ ಖಾತೆಯನ್ನು ಮರಳಿ ಕೊಡಿಸುತ್ತೇವೆಂದು ಹಣ ಕೇಳುವವರು, ದೂರವಾಣಿಯಲ್ಲಿ ಓಟಿಪಿಯನ್ನೋ ಮರುಪ್ರವೇಶ ಸಂಕೇತವನ್ನೋ ಕೇಳುವವರು ವಂಚಕರೇ. ಕಂಪನಿಗೇ ಸಾಧ್ಯವಿಲ್ಲದುದು ದಾರಿಹೋಕನಿಗೆ ಸಾಧ್ಯವಾಗದು. ಹಣ ಕಳೆದುಕೊಂಡವರು ತಡಮಾಡದೆ 1930 ಎಂಬ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೆ ತಿಳಿಸಬೇಕು.

ಉಪಸಂಹಾರ

ಮೇಲಿನ ವಿವೇಚನೆಯ ಸಾರವನ್ನು ಹೀಗೆ ಸಂಗ್ರಹಿಸಬಹುದು. ವಿಸ್ಮೃತಿಗೆ ಕಾಗದ ಮತ್ತು ಸುಳಿವು. ಕಳೆದ ಮೊಬೈಲಿಗೆ ಮರುಪ್ರವೇಶ ಸಂಕೇತ ಮತ್ತು ಜೋಡಿ ಸಾಧನ. ಬೆಂಕಿ ನೆರೆಗಳಿಗೆ ಬೇರೆಡೆ ಇಟ್ಟ ಪ್ರತಿ ಮತ್ತು ನಕಲು. ಒಡೆಯನ ಅನುಪಸ್ಥಿತಿಗೆ ವಿಶ್ವಾಸಿ. ಇವೆಲ್ಲವನ್ನೂ ಏರ್ಪಡಿಸಲು ಒಂದು ಸಂಜೆಯ ಹೊತ್ತು, ಎರಡು ಲಕೋಟೆ, ನಂಬಿಕೆಗೆ ಅರ್ಹರಾದ ಒಬ್ಬರು ಸಾಕು. ಏರ್ಪಡಿಸದೆ ಬಿಟ್ಟರೆ ತೆರಬೇಕಾಗುವ ಬೆಲೆಯನ್ನು ತೆರುವವರು ಹೆಚ್ಚಾಗಿ ಬಿಟ್ಟವರಲ್ಲ, ಅವರ ಹಿಂದೆ ಉಳಿದವರು.

ಅತ್ತಿಮಬ್ಬೆಯು ಸಾವಿರ ಪ್ರತಿಗಳನ್ನು ಬರೆಯಿಸಿದುದು ತನಗಾಗಿ ಅಲ್ಲ. ತಾನು ಕಾಣದ ಓದುಗರಿಗಾಗಿ. ಸಾವಿರ ಬೇಡ, ಎರಡೇ ಪ್ರತಿ ಸಾಕಾದ ಈ ಸಣ್ಣ ಕಾರ್ಯವೂ ಅದೇ ಜಾತಿಯದು. ಬೀರುವಿನಲ್ಲಿಟ್ಟ ಲಕೋಟೆಯನ್ನು ಒಡೆಯುವ ಕೈ ಬರೆದವರದೇ ಆಗಿರಬೇಕೆಂಬ ನಿಯಮವಿಲ್ಲ.